ತೊಳೆದ ಜಲ್ಲಿ

ಕಲ್ಲುಗಳು ತಾವಾಗಿ ನಡೆದು ಬರುವುದಿಲ್ಲ. ಆ ಭಾನುವಾರ ಬೆಳಿಗ್ಗೆ ಸ್ಮಶಾನದಲ್ಲಿ ನಾನು ಹೇಳಿದ್ದು ಇಷ್ಟೇ. ಉಳಿದವರೆಲ್ಲ ಚಪ್ಪಾಳೆ ತಟ್ಟುತ್ತಿದ್ದರು. ತಟ್ಟುವುದನ್ನು ನಿಲ್ಲಿಸಿ, ಮದುವೆಮನೆಯಲ್ಲಿ ಅಪಶಕುನ ನುಡಿದವಳನ್ನು ನೋಡುವ ಹಾಗೆ ನನ್ನನ್ನು ನೋಡಿದರು.

ನನ್ನದು ಕನ್ನಡಕದ ಅಂಗಡಿ. ಗೋಡೆಯ ಮೇಲಿನ ಅಕ್ಷರಪಟದ ಕೊನೆಯ ಸಾಲು ಕಾಣದಿದ್ದರೂ, ಹಿಂದಿನವರು ಓದಿದ್ದನ್ನು ಕೇಳಿಸಿಕೊಂಡು ಬಾಯಿಪಾಠ ಒಪ್ಪಿಸುವ ಮಹಾನುಭಾವರನ್ನು ದಿನವೂ ನೋಡುವವಳು ನಾನು. ಯಾರನ್ನೂ ಸುಲಭಕ್ಕೆ ನಂಬುವ ಅಭ್ಯಾಸ ನನಗಿಲ್ಲ. ನನ್ನ ಗಂಡ ಹೇಳುವ ಪ್ರಕಾರ, ಹಾಲಿನವನು ನಕ್ಕರೆ ನೀರು ಬೆರೆಸಿದ್ದಾನೆ ಅನ್ನುತ್ತೇನೆ, ನಗದಿದ್ದರೆ ಜಾಸ್ತಿ ಬೆರೆಸಿದ್ದಾನೆ ಅನ್ನುತ್ತೇನೆ.

ಈ ಗುಣ ಹುಟ್ಟಿನಿಂದ ಬಂದದ್ದೇ ಇರಬಹುದು, ಆದರೆ ಅದಕ್ಕೆ ನೀರೆರೆದದ್ದು ಗಂಡನ ಮನೆ. ನನ್ನ ಮಾವ ಮನೆಗಳ ಚಾವಣಿ ಕೆಲಸದವರು. ಗಂಡ ಇನ್ನೂ ಚಡ್ಡಿ ಹಾಕುತ್ತಿದ್ದಾಗಲೇ ದೂರದ ಊರಿಗೆ ಕೆಲಸಕ್ಕೆಂದು ಹೋದವರು ತಿರುಗಿ ಬರಲಿಲ್ಲವಂತೆ. ಒಂದು ಕಾಗದವಿಲ್ಲ, ಒಂದು ಸುದ್ದಿಯಿಲ್ಲ. ಕೇಳಿದರೆ ಇಡೀ ಮನೆ ಮಾತು ಬದಲಿಸುತ್ತದೆ. ಮಾವ ಅಲ್ಲೆಲ್ಲೋ ಇನ್ನೊಂದು ಸಂಸಾರ ಹೂಡಿದ್ದಾರೆ ಎಂಬುದನ್ನು ನಾನು ಮದುವೆಯಾದ ಹೊಸತರಲ್ಲೇ ಕಂಡುಹಿಡಿದೆ. ಗಂಡ ಅಂಗಡಿಯಿಂದ ತಡವಾಗಿ ಬಂದರೆ, "ನಿಮ್ಮಪ್ಪನ ದಾರಿ ಹಿಡಿದ್ರೇನೋ ಅಂದ್ಕೊಂಡೆ" ಅನ್ನುವುದು ನಮ್ಮ ಮನೆಯ ಹಳೆಯ ತಮಾಷೆ. ಅವರು ನಗುತ್ತಾರೆ. ನಕ್ಕು ಕೈ ತೊಳೆಯಲು ಹೋಗುತ್ತಾರೆ.

ಈಗ ಸ್ಮಶಾನದ ವಿಷಯ. ಅದು ಇರುವುದು ಬಸ್ ಡಿಪೋದ ಹಿಂದೆ. ಹಳೆಯದೆಂದರೆ ಬಹಳ ಹಳೆಯದು. ನನ್ನ ಗಂಡನ ಓರಗೆಯವರು ಹುಡುಗರಾಗಿದ್ದ ಕಾಲದಲ್ಲೇ ಜಾಗ ಸಾಲದೆ ಅದನ್ನು ಮುಚ್ಚಿದ್ದರು. ಆಮೇಲೆ ಅಲ್ಲಿಗೆ ಹೋದವು ಪೊದೆ, ಬಳ್ಳಿ, ಡಿಪೋದವರು ಎಸೆದ ಟೈರು. ನಮ್ಮ ಪರಂಪರೆ ಸಂಘ ಮತ್ತು ಹೊಳೆಯಾಚೆಯ ಇನ್ನೊಂದು ಸಂಘ ಸೇರಿ ಭಾನುವಾರಗಳಂದು ಅದನ್ನು ಹಸನು ಮಾಡಲು ಹೊರಟೆವು. ನಮ್ಮಲ್ಲಿ ಮೊದಲ ಪಾಠ, ಕಲ್ಲನ್ನು ಪಾತ್ರೆಯಂತೆ ತಿಕ್ಕಬಾರದು. ತಂತಿ ಬ್ರಷ್ ಹಿಡಿದು ಬಂದವರನ್ನು ಗೇಟಿನಿಂದಲೇ ವಾಪಸ್ ಕಳಿಸುತ್ತೇವೆ. ನೀರು, ಮೆತ್ತನೆಯ ಬ್ರಷ್, ಅಕ್ಷರಗಳ ಸಂದಿಗೆ ಮರದ ಕಡ್ಡಿ, ಅಷ್ಟೇ. ಎರಡನೆಯ ಪಾಠ, ವಾಲಿದ ಕಲ್ಲಿಗೆ ಸಿಮೆಂಟ್ ಹಾಕಬಾರದು. ಗುಂಡಿ ತೋಡಿ, ತಳಕ್ಕೆ ತೊಳೆದ ಜಲ್ಲಿ ಹಾಸಿ, ಅದರ ಮೇಲೆ ಮರಳು ಸುರಿದು ಕಲ್ಲು ನಿಲ್ಲಿಸಬೇಕು; ನೀರು ಬಸಿದು ಹೋಗುತ್ತದೆ, ಕಲ್ಲು ಅಲುಗುವುದಿಲ್ಲ. ಹಿಂದಿನವರಿಗೆ ಇದು ಗೊತ್ತಿರಲಿಲ್ಲ. ಬರೀ ಮಣ್ಣಿಗೆ ನೆಟ್ಟು ಹೋದರು. ಅವರ ಕಲ್ಲುಗಳೆಲ್ಲ ಕುಡುಕರ ಹಾಗೆ ಒಂದರ ಮೇಲೊಂದು ಒರಗಿರುವುದು ಅದಕ್ಕೇ.

ಇನ್ನೊಂದು ಪದ್ಧತಿಯಿದೆ, ಅದನ್ನು ಯಾರು ಶುರು ಮಾಡಿದರೋ ಗೊತ್ತಿಲ್ಲ. ಒಂದು ಕಲ್ಲಿನ ಕೆಲಸ ಮುಗಿದ ಮೇಲೆ ಅದನ್ನು ತೊಳೆದವರು ಎದ್ದು ನಿಂತು ಅದರ ಮೇಲಿನ ಹೆಸರನ್ನು ಗಟ್ಟಿಯಾಗಿ ಕೂಗುತ್ತಾರೆ. ಉಳಿದವರು ಎಲ್ಲಿದ್ದರೂ, ಕಳೆ ಕೀಳುತ್ತಿರಲಿ, ಟೀ ಕುಡಿಯುತ್ತಿರಲಿ, "ಇದ್ದಾರೆ!" ಅನ್ನಬೇಕು. ಶಾಲೆಯ ಹಾಜರಿಯ ಹಾಗೆ. ಮೊದಮೊದಲು ನನಗೆ ನಗು ಬರುತ್ತಿತ್ತು. ಆಮೇಲೆ ಅಂಗಡಿಯಲ್ಲಿ ಗಿರಾಕಿಯ ಹೆಸರು ಕರೆದಾಗಲೂ "ಇದ್ದಾರೆ" ಅನ್ನುವಷ್ಟು ರೂಢಿಯಾಯಿತು.

ಇದಕ್ಕೆಲ್ಲ ಕುತ್ತು ತಂದದ್ದು ರಸ್ತೆ. ಡಿಪೋದ ಬಸ್ಸುಗಳು ತಿರುಗಲು ಜಾಗ ಸಾಲದೆಂದು, ಗೋಡೆ ಪಕ್ಕದ ಉದ್ದನೆಯ ಪಟ್ಟಿಯನ್ನು ರಸ್ತೆಗೆ ಬಿಟ್ಟುಕೊಡುವ ಮಾತು ನಡೆದಿತ್ತು. ಆ ಪಟ್ಟಿಯಲ್ಲಿ ಒಂದು ಸಮಾಧಿ ಇದ್ದರೂ ರಸ್ತೆ ಬರುವಂತಿಲ್ಲ, ಇಲ್ಲದಿದ್ದರೆ ಬರುತ್ತದೆ. ಚಪ್ಪಾಳೆಯ ಆ ಭಾನುವಾರದ ನಂತರ ಬರುವ ಶನಿವಾರ ನಗರ ಕಚೇರಿಯ ಅಧಿಕಾರಿ ಬಂದು ತೀರ್ಮಾನಿಸುವುದೆಂದಾಗಿತ್ತು. ನೆಲದ ಪರೀಕ್ಷೆ ನನ್ನ ಪಾಲಿನ ಕೆಲಸ. ಕಬ್ಬಿಣದ ಸಣ್ಣ ಸರಳನ್ನು ಮಣ್ಣಿಗೆ ಇಳಿಸುತ್ತಾ ಹೋಗಬೇಕು. ಹೂತುಹೋದ ಕಲ್ಲಿಗೆ ತಗುಲಿದರೆ ಅಂಗೈಗೆ ಝುಂ ಅನ್ನುತ್ತದೆ, ಬೇರಿಗೆ ತಗುಲಿದರೆ ಮೆತ್ತಗೆ ತಡೆಯುತ್ತದೆ. ಆ ಪಟ್ಟಿಯಲ್ಲಿ ನನಗೆ ಸಿಕ್ಕಿದ್ದು ಬೇರು, ಅಲ್ಲಲ್ಲಿ ಹೆಂಚಿನ ಚೂರು. ಹೆಂಚಾದರೆ ಕೀರಲು ಸದ್ದು ಬರುತ್ತದೆ. ಯಾರೋ ಕಸ ಸುರಿದಿದ್ದಾರೆ, ಇಲ್ಲಿ ಏನೂ ಇಲ್ಲ ಎಂದು ನಾನು ಹೇಳಿಯಾಗಿತ್ತು.

ನಾನು ಹಾಗೆ ಹೇಳಿದ ಮುಂದಿನ ಭಾನುವಾರವೇ, ಏನೂ ಇಲ್ಲದ ಜಾಗದಲ್ಲಿ ಒಂದು ಕಲ್ಲು ನಿಂತಿತ್ತು.

ಮೊದಲು ಕಂಡವರು ನನ್ನ ಅತ್ತಿಗೆ, ಅಂದರೆ ಗಂಡನ ಅಕ್ಕ. ಆಸ್ಪತ್ರೆಯ ಅಡುಗೆಮನೆಯಲ್ಲಿ ದೊಡ್ಡ ದೊಡ್ಡ ಹಂಡೆ ಎತ್ತಿಳಿಸಿ ನಿವೃತ್ತರಾದವರು. ಹಳೆಯ ವಸ್ತುವೆಂದರೆ ಮೂಗು ಮುರಿಯುವ ಅವರು ನಮ್ಮ ಸಂಘಕ್ಕೆ ಯಾಕೆ ಸೇರಿದರು ಎಂಬುದೇ ನನಗೊಂದು ಒಗಟು. ಸೊಸೆಯ ಕೈಯಿಂದ ತಪ್ಪಿಸಿಕೊಳ್ಳಲು ಎಂದು ನಾನು ತೀರ್ಮಾನಿಸಿದ್ದೆ. ಬಂದಾಗೆಲ್ಲ ಗೋಡೆ ಪಕ್ಕದಲ್ಲೇ ಕೂತು ಕಳೆ ಕೀಳುತ್ತಿದ್ದರು.

"ಇಲ್ಲೊಂದು ಕಲ್ಲಿದೆ! ಪೊದೆ ಒಳಗಿತ್ತು ನೋಡಿ!" ಎಂದು ಕೂಗಿದ್ದೇ ಎಲ್ಲರೂ ಓಡಿದರು.

ಸೊಂಟದೆತ್ತರದ ಕಲ್ಲು. ಅಕ್ಷರ ಪೂರಾ ಸವೆದಿತ್ತು, ಮೇಲೆ ಒಂದು ಹಕ್ಕಿಯ ಕೆತ್ತನೆ. ಹೊಳೆಯಾಚೆಯ ಸಂಘದ ಕನ್ನಡಿ ಮೇಷ್ಟ್ರು ಮುಂದೆ ಬಂದರು. ದೊಡ್ಡ ಕನ್ನಡಿ ಹಿಡಿದು ಬಿಸಿಲನ್ನು ಕಲ್ಲಿನ ಮೇಲೆ ಓರೆಯಾಗಿ ಬಿಟ್ಟರೆ ಸವೆದ ಅಕ್ಷರದ ನೆರಳೂ ಎದ್ದು ಕಾಣುತ್ತದೆ. ಅದರಲ್ಲಿ ಅವರು ನಿಸ್ಸೀಮರು, ಹೆಸರು ಬಂದದ್ದೂ ಅದರಿಂದಲೇ. ಬಹಳ ಹೊತ್ತು ಕನ್ನಡಿ ಆಡಿಸಿದರು. ಆಮೇಲೆ ನನ್ನ ಮುಖವನ್ನೊಮ್ಮೆ ನೋಡಿ, "ಓದೋಕಾಗಲ್ಲ" ಎಂದು ಕನ್ನಡಿಗೆ ಬಟ್ಟೆ ಸುತ್ತಿದರು.

ಪಾಚಿ ಕಟ್ಟಿದ್ದು ಬಿಸಿಲಿನ ಕಡೆಯ ಮೈಗೆ. ನೆರಳಿನ ಕಡೆ ಒಣಗಿದ ಹಪ್ಪಳದಷ್ಟು ಸ್ವಚ್ಛ. ಎಲ್ಲಿಯಾದರೂ ಉಂಟೇ? ಆಗಲೇ ನಾನು ಆ ಮಾತು ಹೇಳಿದ್ದು, ಕಲ್ಲು ನಡೆದು ಬರುವುದಿಲ್ಲವೆಂದು.

"ನಿನಗೆ ಎಲ್ಲದರಲ್ಲೂ ಹುಳುಕೇ ಕಾಣೋದು" ಎಂದರು ಅತ್ತಿಗೆ. "ಸಿಕ್ಕಿತಲ್ಲ, ಪಟ್ಟಿ ಉಳೀತಲ್ಲ, ಸಂತೋಷ ಪಡು."

"ಸಂತೋಷ ಪಡ್ತೀನಿ ಅತ್ತಿಗೆ. ಮೊದಲು ಇದು ಎಲ್ಲಿಂದ ಬಂತು ಅಂತ ಗೊತ್ತಾಗಲಿ."

ನನ್ನ ಅನುಮಾನ ನೇರವಾಗಿ ಕನ್ನಡಿ ಮೇಷ್ಟ್ರ ಮೇಲೆ ಹೋಯಿತು. ಹೊಳೆಯಾಚೆಯವರಿಗೆ ಮೊದಲಿನಿಂದಲೂ ಹೆಸರಿನ ಹಪಾಹಪಿ. ಪಟ್ಟಿ ಉಳಿಸಿದವರು ನಾವೇ ಎಂದು ಬೀಗಬೇಕಲ್ಲ! ಆದರೆ ಇದು ಹುಡುಗಾಟವಲ್ಲ. ಅಧಿಕಾರಿ ಬಂದು ಒಂದು ಕಲ್ಲು ಸುಳ್ಳೆಂದು ಕಂಡುಹಿಡಿದರೆ, ನಾವು ಎತ್ತಿ ನಿಲ್ಲಿಸಿದ ಪ್ರತಿಯೊಂದು ಕಲ್ಲೂ ಸುಳ್ಳಾಗುತ್ತದೆ. ಗೇಟಿಗೆ ಬೀಗ ಬೀಳುತ್ತದೆ. ಅಧಿಕಾರಿ ಕೇಳುವುದು ನನ್ನನ್ನು, ಉತ್ತರ ಕೊಡಬೇಕಾದವಳೂ ನಾನು.

ಮನೆಗೆ ಬಂದು ಗಂಡನ ಮುಂದೆ ಎಲ್ಲ ಹೇಳಿಕೊಂಡೆ. ಅವರು ಸ್ಮಶಾನದ ಕಡೆ ತಲೆಹಾಕಿದವರಲ್ಲ. ಸಂಘಕ್ಕೆ ಕರೆದಾಗ, "ಬದುಕಿರೋರ ಕಣ್ಣು ನೋಡೋದೇ ಸಾಕಾಗಿದೆ" ಎಂದು ಅಂಗಡಿಯ ಹಿಂದಿನ ಕೋಣೆಯಲ್ಲಿ ಗಾಜು ಉಜ್ಜುತ್ತಾ ಕೂತವರು. ಅವತ್ತು ಬಗ್ಗಿ ಶೂ ಬಿಚ್ಚಲಾಗದೆ ಒದ್ದಾಡುತ್ತಿದ್ದರು. ಗಾಜಿನ ಪೆಟ್ಟಿಗೆ ಎತ್ತುವಾಗ ಬೆನ್ನು ಹಿಡಿಯಿತಂತೆ. ಮನೆಯೆಲ್ಲ ಮುಲಾಮಿನ ವಾಸನೆ.

"ಬಿಟ್ಟುಬಿಡಬಾರದಾ?" ಎಂದರು. "ಒಂದು ಕಲ್ಲಿಂದ ಯಾರಿಗೆ ಏನು ನಷ್ಟ?"

"ನಿಮಗೇನ್ರೀ ಗೊತ್ತು" ಎಂದೆ ನಾನು.

ಮಂಗಳವಾರ ಊಟದ ಹೊತ್ತಿಗೆ ಅಂಗಡಿಯನ್ನು ಅವರಿಗೆ ಬಿಟ್ಟು, ಚೀಲದಲ್ಲಿ ಸಣ್ಣ ಕರಣೆ ಹಾಕಿಕೊಂಡು ಹೊರಟೆ. ಡಿಪೋದಲ್ಲಿ ಬಸ್ಸು ತೊಳೆಯುವವರು ಬಿಟ್ಟರೆ ಸುತ್ತ ಯಾರೂ ಇರಲಿಲ್ಲ. ಕಲ್ಲಿನ ಬುಡದ ಮಣ್ಣು ಬಿಡಿಸಿದೆ. ಮೇಲೆ ಹಳೆಯ ಎಲೆ, ಕೊಳೆತ ಕಡ್ಡಿ. ಚೆನ್ನಾಗಿಯೇ ಹರಡಿದ್ದರು, ಭೇಷ್ ಅನ್ನಬೇಕು. ಎಲೆಯ ಕೆಳಗೆ ಮರಳು ಬಂತು. ಮರಳಿನ ಕೆಳಗೆ ಕರಣೆ ಕರಕರ ಎಂದಿತು. ಕೈ ಹಾಕಿ ತೆಗೆದರೆ ಬೆಳ್ಳಗಿನ ಜಲ್ಲಿ, ಮಣ್ಣಿನ ಒಂದು ಕಣವೂ ಅಂಟದ ಹಾಗೆ ತೊಳೆದದ್ದು.

ಅಲ್ಲೇ ಕುಕ್ಕರುಗಾಲಿನಲ್ಲಿ ಕೂತು ನಕ್ಕುಬಿಟ್ಟೆ. ಅಜ್ಜನ ಕಾಲದ ಸಮಾಧಿ ಎಂದು ನಂಬಿಸಲು ಬಂದ ಕಳ್ಳ, ಕಲ್ಲು ವಾಲಬಾರದೆಂದು ಕಾಳಜಿಯಿಂದ ಜಲ್ಲಿ ಹಾಸಿದ್ದಾನೆ! ಹೊರಗಿನವನಾದರೆ ಬರೀ ಗುಂಡಿ ತೋಡಿ ನೆಡುತ್ತಿದ್ದ, ನಾನು ಬೆಪ್ಪಾಗುತ್ತಿದ್ದೆ. ನಮ್ಮಲ್ಲಿ ಕಲಿತವರಿಗೆ ಮಾತ್ರ ಕೈ ಹಾಗೆ ಹೋಗುವುದು. ಕಳ್ಳತನ ಮಾಡುವಾಗಲೂ ಪಾಠ ಮರೆಯಲಿಲ್ಲ.

ಕಲ್ಲು ಹೊರಟ ಜಾಗವನ್ನೂ ಹುಡುಕಿದೆ. ಹಿಂದಿನ ಸಾಲಿನಲ್ಲಿ, ಮರದ ನೆರಳಲ್ಲಿ, ಹುಲ್ಲಿನ ಹೆಂಟೆಗಳನ್ನು ಕಂಬಳಿಗೆ ತೇಪೆ ಹಾಕಿದಂತೆ ಜೋಡಿಸಿದ್ದರು. ಕಾಲಿಟ್ಟರೆ ಪಾದ ಒಳಗಿಳಿಯಿತು. ಜಲ್ಲಿ ಚೀಲ ಇರುವುದು ಸಂಘದ ಸಾಮಾನಿನ ಕೋಣೆಯಲ್ಲಿ. ಅದರ ಕೀಲಿ ಎರಡೇ, ಒಂದು ನನ್ನದು, ಇನ್ನೊಂದು ಕನ್ನಡಿ ಮೇಷ್ಟ್ರದು. ಇನ್ನೇನು ಬೇಕು? ಮುಷ್ಟಿಯಲ್ಲಿ ಜಲ್ಲಿ ಹಿಡಿದುಕೊಂಡೇ ಅವರ ಮನೆಗೆ ಹೋದೆ.

ಸೈಕಲ್ ರಿಪೇರಿ ಅಂಗಡಿಯ ಮೇಲಿನ ಒಂಟಿ ಕೋಣೆ. ಮೆಟ್ಟಿಲು ಹತ್ತುವಾಗಲೇ ರಬ್ಬರಿನ ವಾಸನೆ ಮೂಗಿಗೆ ಬಡಿಯಿತು. ಒಳಗೆ ಗೋಡೆಯ ತುಂಬ ಕಲ್ಲುಗಳ ಫೋಟೊ. ಮೇಷ್ಟ್ರು ಮಂಚದ ಮೇಲೆ, ಸೊಂಟಕ್ಕೆ ಅಗಲವಾದ ಪಟ್ಟಿ ಬಿಗಿದುಕೊಂಡು ಗೊಂಬೆಯ ಹಾಗೆ ನೆಟ್ಟಗೆ ಕೂತಿದ್ದರು. ಜಲ್ಲಿಯನ್ನು ಅವರ ಮೇಜಿನ ಮೇಲೆ ಸುರಿದೆ.

"ಇದು ಎಲ್ಲಿ ಸಿಕ್ಕಿತು ಗೊತ್ತಾ ಮೇಷ್ಟ್ರೇ?"

ಅವರು ಒಂದು ಕಲ್ಲನ್ನೆತ್ತಿ ಬೆಳಕಿಗೆ ಹಿಡಿದರು. "ಹಕ್ಕಿ ಕಲ್ಲಿನ ಬುಡದಲ್ಲಿ. ಅಲ್ವಾ?"

"ಹಾಗಾದರೆ ಒಪ್ಪಿಕೊಂಡ ಹಾಗಾಯ್ತು!"

"ಒಪ್ಪಿಕೊಳ್ಳೋದಾ? ಅಮ್ಮಾ, ನಾನು ನೀರಿನ ಲೋಟ ಎತ್ತಬೇಕಾದರೂ ದೇವರನ್ನ ನೆನೆಸ್ಕೋತೀನಿ. ಈ ಸೊಂಟ ನೋಡಿ. ಕಲ್ಲು ಎತ್ತೋದಾ?" ಎದ್ದು ಗೋಡೆಯ ಒಂದು ಫೋಟೊ ತೋರಿಸಿದರು. ಅದೇ ಹಕ್ಕಿ, ಎಡ ರೆಕ್ಕೆಯ ತುದಿ ಮುರಿದದ್ದು. "ಹಿಂದಿನ ಸಾಲಿನದು. ಭಾನುವಾರ ನೋಡಿದ ತಕ್ಷಣ ಗುರುತು ಸಿಕ್ಕಿತು."

"ಮತ್ತೆ ಬಾಯಿಗೆ ಬೀಗ ಹಾಕ್ಕೊಂಡು ಯಾಕೆ ಕೂತ್ರಿ?"

"ನೀವೇ ಮಾಡಿದ್ದು ಅಂದ್ಕೊಂಡೆ." ಅವರಿಗೆ ಸಂಕೋಚವೂ ಆಗಲಿಲ್ಲ. "ಏನೂ ಇಲ್ಲ ಅಂದವರು ನೀವು. ಆಮೇಲೆ ಪಶ್ಚಾತ್ತಾಪ ಆಗಿರಬೇಕು, ಅದಕ್ಕೇ ಈ ನಾಟಕ ಅಂತ. ನನ್ನ ಕೀಲಿ ನನ್ನ ಕೊರಳಲ್ಲೇ ಇರುತ್ತೆ, ಸ್ನಾನಕ್ಕೂ ತೆಗೆಯಲ್ಲ. ನಿಮ್ಮ ಕೀಲಿ ಎಲ್ಲಿರುತ್ತೆ?"

ನನ್ನ ಕೀಲಿ ಮನೆ ಬಾಗಿಲ ಹಿಂದಿನ ಮೊಳೆಯಲ್ಲಿರುತ್ತದೆ. ಹಾಗೆ ಹೇಳಲು ಬಾಯಿ ತೆರೆದೆ. ತೆರೆದ ಬಾಯಿ ಹಾಗೇ ಉಳಿಯಿತು. ಶೂ, ಬೆನ್ನು, ಮುಲಾಮು. ಹಾಲಿನವನ ನಗುವನ್ನು ತೂಗಿ ನೋಡುವ ನಾನು, ಪಕ್ಕದಲ್ಲಿ ಮಲಗಿದವರ ನರಳಾಟಕ್ಕೆ ಕಾರಣ ಕೇಳಿರಲಿಲ್ಲ.

ಅಂಗಡಿಗೆ ಬರುವಷ್ಟರಲ್ಲಿ ಮನಸ್ಸಿನಲ್ಲಿ ನೂರು ಲೆಕ್ಕ ಹಾಕಿದ್ದೆ. ಡಿಪೋದವರು ಇವರಿಗೆ ಏನಾದರೂ ಆಸೆ ತೋರಿಸಿರಬಹುದೇ? ನನ್ನ ಮಾನ ಕಳೆದು ಸಂಘ ಮುಚ್ಚಿಸಲೇ? ಅಥವಾ ಯಾವಳ ಮಾತಿಗೋ ಮರುಳಾಗಿ? ಅಪ್ಪನ ರಕ್ತ ತಾನೇ, ಎಂದೂ ಅಂದುಕೊಂಡೆ. ಸುಳ್ಳೇಕೆ, ಅಂದುಕೊಂಡೆ.

ಹಿಂದಿನ ಕೋಣೆಯಲ್ಲಿ ಗಾಜು ಉಜ್ಜುವ ಯಂತ್ರ ನಿಂತಿತ್ತು. ಗಂಡ ಸ್ಟೂಲಿನ ಮೇಲೆ, ಅತ್ತಿಗೆ ಗಾಜಿನ ಪೆಟ್ಟಿಗೆಗಳ ಮೇಲೆ ಕೂತು ಪಿಸುಗುಟ್ಟುತ್ತಿದ್ದರು. ಅಂಗೈ ಬಿಚ್ಚಿ, ಉಳಿದಿದ್ದ ಎರಡು ಜಲ್ಲಿಕಲ್ಲು ತೋರಿಸಿದೆ.

"ಜಲ್ಲಿ ಹಾಕಬಾರದಿತ್ತು ಅತ್ತಿಗೆ."

ಅತ್ತಿಗೆ ಬೆವರು ಒರೆಸಿಕೊಂಡರು. "ನಾನೂ ಅದನ್ನೇ ಅಂದೆ. ಹಾಕೋವಾಗ ಕೈ ಕೇಳಲಿಲ್ಲ. ಬೇರೆಯವರ ಕಲ್ಲು, ನಮ್ಮಿಂದ ಬೀಳಬಾರದು ಅಂತ."

"ಯಾಕ್ರೀ?" ಎಂದು ಗಂಡನನ್ನು ಕೇಳಿದೆ. ನನ್ನ ಧ್ವನಿ ನನಗೇ ಕರ್ಕಶವಾಗಿ ಕೇಳಿಸಿತು. "ಯಾರ ಮಾತು ಕೇಳಿ ಮಾಡಿದ್ರಿ? ನನ್ನ ಕಣ್ಣಿಗೇ ಮಣ್ಣೆರಚೋಕೆ ಹೊರಟ್ರಲ್ಲ, ಆ ಗೋಡೆ ಪಕ್ಕ ನಿಮ್ಮದೇನಿದೆ?"

ಅವರು ಮಡಿಲಲ್ಲಿದ್ದ ಕನ್ನಡಕದ ಕಡ್ಡಿಯನ್ನು ಮಡಚಿದರು, ಬಿಚ್ಚಿದರು.

"ಅಪ್ಪ ಇದ್ದಾರೆ" ಎಂದರು.

ನನಗೆ ಅರ್ಥವಾಗಲಿಲ್ಲ. ಅಪ್ಪ ಓಡಿಹೋದವರು. ಅದು ನನಗೆ ಗೊತ್ತಿದ್ದ ವಿಷಯ.

ಬಿಡಿಸಿ ಹೇಳಿದವರು ಅತ್ತಿಗೆ. "ಎಲ್ಲೂ ಹೋಗಿರಲಿಲ್ಲ ಅಪ್ಪ. ಚಾವಣಿಯಿಂದ ಬಿದ್ದು ಕೈ ಊನ ಆದ ಮೇಲೆ ಕೆಲಸ ಸಿಗ್ತಿರಲಿಲ್ಲ. ಯಾರ ಹತ್ತಿರವೂ ಮಾತಿಲ್ಲ, ಊಟಕ್ಕೂ ಏಳ್ತಿರಲಿಲ್ಲ. ಒಂದು ದಿನ ತಾವೇ ಜೀವ ತೆಗೆದುಕೊಂಡ್ರು. ಹಾಗೆ ಸತ್ತವರಿಗೆ ಸಾಲಿನಲ್ಲಿ ಜಾಗ ಇಲ್ಲ ಅಂದ್ರು ಸ್ಮಶಾನದ ಹಿರಿಯರು. ಅಮ್ಮ ಅವರ ಕಾಲು ಹಿಡಿದಳು. ಕಾವಲುಗಾರನಿಗೆ ಪಾಪ ಅನ್ನಿಸಿ ಗೋಡೆ ಪಕ್ಕ ಮಣ್ಣು ಮಾಡಿಸಿದ. ಕಲ್ಲು ಇಡಬಾರದು, ಯಾರಿಗೂ ಹೇಳಬಾರದು ಅಂತ ಮಾತು. ಅಮ್ಮ ನಮ್ಮಿಬ್ಬರ ಕೈಯಲ್ಲೂ ಆಣೆ ಹಾಕಿಸಿದಳು. ಕೇಳಿದೋರಿಗೆ ಅಪ್ಪ ಊರು ಬಿಟ್ಟು ಹೋದರು ಅಂತ ಹೇಳಬೇಕು ಅಂದಳು. ಓಡಿಹೋದವನ ಮಕ್ಕಳು ಅನ್ನಿಸ್ಕೊಂಡ್ರೂ ಪರವಾಗಿಲ್ಲ ಅಂತ."

ನಾನು ಗೋಡೆಗೆ ಒರಗಿ ನಿಂತೆ. ಇಷ್ಟು ವರ್ಷ ಈ ಮನೆಯಲ್ಲಿ ಮೂಗು ತೂರಿಸದ ಜಾಗವಿಲ್ಲ ಎಂದು ಹೆಮ್ಮೆಪಟ್ಟವಳು. ಇನ್ನೊಂದು ಸಂಸಾರವನ್ನೂ ಅದರ ಮಕ್ಕಳನ್ನೂ ಮನಸ್ಸಿನಲ್ಲೇ ಸೃಷ್ಟಿಸಿ ಇಟ್ಟುಕೊಂಡಿದ್ದೆ.

"ನನಗಾದರೂ ಹೇಳಬಹುದಿತ್ತಲ್ಲ" ಎಂದೆ.

ಗಂಡ ತಲೆಯೆತ್ತಲಿಲ್ಲ. "ಹೇಳಬೇಕು ಅಂತ ಹೊರಟಾಗೆಲ್ಲ ನೀನು ಆ ತಮಾಷೆ ಮಾಡ್ತಿದ್ದೆ."

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ನಾನೂ ಕಾಲು ಕೆರೆದು ಜಗಳ ಮಾಡಿ ಹಗುರಾಗುತ್ತಿದ್ದೆ. ಆದರೂ ಹೇಳಬೇಕಾದ್ದನ್ನು ಹೇಳಿದೆ. ಸುಳ್ಳು ಕಲ್ಲನ್ನು ನಾನು ಸತ್ಯ ಅನ್ನಲಾರೆ, ಅದು ಬಯಲಾದರೆ ಎಲ್ಲ ಸಮಾಧಿಗಳಿಗೂ ಕಷ್ಟ, ಇದ್ದದ್ದನ್ನು ಇದ್ದ ಹಾಗೆ ಅಧಿಕಾರಿಗೆ ಹೇಳಿಬಿಡಿ ಎಂದೆ.

"ಸತ್ತವಳಿಗೆ ಕೊಟ್ಟ ಮಾತು" ಎಂದರು ಅತ್ತಿಗೆ. "ಊರೆಲ್ಲ ಬಾಯಿಗೆ ಬಂದ ಹಾಗೆ ಆಡಿಕೊಳ್ಳೋಕೆ ಅಪ್ಪನ್ನ ಕೊಡಲಾ?"

"ಹಾಗಾದರೆ ಮಾವನ ಮೇಲೆ ಬಸ್ಸು ಓಡಲಿ ಅಂತೀರಾ?"

ಕೇಳಬಾರದಾಗಿತ್ತು. ಅತ್ತಿಗೆ ಮುಖಕ್ಕೆ ಸೆರಗು ಮುಚ್ಚಿಕೊಂಡರು. ಅಷ್ಟು ಗಟ್ಟಿ ಹೆಂಗಸು ಅಳುವುದನ್ನು ನಾನು ಅದುವರೆಗೆ ನೋಡಿರಲಿಲ್ಲ.

ಗಂಡ ಎದ್ದು ಯಂತ್ರದ ಗುಂಡಿ ಒತ್ತಿದರು. ಅದರ ಸದ್ದಿನ ನಡುವೆ ಹೇಳಿದರು, "ನೀನು ಏನು ಹೇಳಬೇಕೋ ಅದನ್ನೇ ಹೇಳು. ನಾವು ಯಾಕೆ ಹೀಗೆ ಮಾಡಿದ್ವಿ ಅಂತ ಮಾತ್ರ ಹೇಳಬೇಡ. ಅದು ನಮ್ಮದು."

ಶನಿವಾರ ಅಧಿಕಾರಿ ಹೇಳಿದ ಹೊತ್ತಿಗೇ ಬಂದರು. ಹಿಂದೆ ಒಬ್ಬ ಕೆಲಸದವನು ಸುಣ್ಣದ ಬುಟ್ಟಿ ಹೊತ್ತು, ರಸ್ತೆ ಎಲ್ಲಿ ಬರುತ್ತದೆಂದು ಗೆರೆ ಎಳೆಯುತ್ತಾ ಬಂದ. ಎರಡೂ ಸಂಘದವರು ಸೇರಿದ್ದರು. ಗಂಡ ಮದುವೆಗೆ ಹಾಕಿದ ಕೋಟು ಹಾಕಿಕೊಂಡು ಮೊದಲ ಬಾರಿ ಗೇಟು ದಾಟಿದರು. ಹಾಗೆಂದುಕೊಂಡ ಮರುಕ್ಷಣ ತಿದ್ದಿಕೊಂಡೆ, ಮೊದಲ ಬಾರಿಯಲ್ಲ.

ಅಧಿಕಾರಿ ಹಕ್ಕಿ ಕಲ್ಲಿನ ಸುತ್ತ ಒಂದು ಸುತ್ತು ಬಂದರು. "ಇದು ಇಲ್ಲಿಯದೇನಾ?" ಎಂದು ನನ್ನನ್ನು ಕೇಳಿದರು.

"ಅಲ್ಲ. ಹಿಂದಿನ ಸಾಲಿನದು. ಬುಡದಲ್ಲಿ ನಮ್ಮ ಜಲ್ಲಿ ಇದೆ, ನೋಡಬಹುದು. ಯಾರು ತಂದರು ಅನ್ನೋದು ನಮ್ಮೊಳಗಿನ ಜಗಳ, ನಾವೇ ವಾಪಸ್ ಇಡ್ತೀವಿ."

ಹಿಂದಿನಿಂದ ಗುಸುಗುಸು ಎದ್ದಿತು. ಎಲ್ಲರೂ ಒಬ್ಬರನ್ನೊಬ್ಬರು ಓರೆಗಣ್ಣಿನಲ್ಲಿ ನೋಡಿಕೊಂಡರು. ಕೆಲವರು ಕನ್ನಡಿ ಮೇಷ್ಟ್ರನ್ನು, ಮೇಷ್ಟ್ರು ನನ್ನನ್ನು.

"ಅಂದರೆ ಈ ಪಟ್ಟಿಯಲ್ಲಿ ಸಮಾಧಿ ಇಲ್ಲ ಅಂತ ಆಯ್ತು."

ಹೌದು ಎಂದರೆ ಸುಳ್ಳಾಗುತ್ತಿತ್ತು. ಸಮಾಧಿ ಇದೆ ಎಂದರೆ ಯಾರದೆಂದು ಕೇಳುತ್ತಾರೆ, ಅದನ್ನು ಹೇಳುವ ಹಕ್ಕು ನನ್ನದಲ್ಲ. "ಹಾಗಂತ ನಾನು ಹೇಳಲಾರೆ" ಎಂದೆ. "ಸರಳು ಇಳಿಸಿದಾಗ ಹೆಂಚು ಸಿಕ್ಕಿತ್ತು."

"ಹೆಂಚು!" ಅಧಿಕಾರಿ ನಕ್ಕರು. "ಹೆಂಚು ಯಾವ ಊರಲ್ಲಿಲ್ಲ? ಬಿಡಿ, ಕೆಲಸ ಮುಗೀತು." ಕೆಲಸದವನಿಗೆ ಕೈ ಬೀಸಿದರು. ಸುಣ್ಣದ ಗೆರೆ ಗೋಡೆಯ ಉದ್ದಕ್ಕೂ ಮುಂದುವರಿಯಿತು. ನಾನು ಗಂಡನ ಕಡೆ ನೋಡಿದೆ. ಅವರು ಆ ಗೆರೆಯನ್ನೇ ನೋಡುತ್ತಿದ್ದರು.

ಆಗ ಅತ್ತಿಗೆ ಒಂದು ಹೆಸರು ಕೂಗಿದರು.

ಅವರು ನಿಂತಿದ್ದುದು ಕಲ್ಲಿಂದ ಸ್ವಲ್ಪ ದೂರ, ಬರಿಯ ನೆಲದ ಮೇಲೆ. ಆ ಹೆಸರು ನಮ್ಮ ಮದುವೆಯ ಪತ್ರದಲ್ಲಿ ಗಂಡನ ಹೆಸರಿನ ಹಿಂದೆ ಇತ್ತು. ಅದನ್ನು ಬಾಯಿಬಿಟ್ಟು ಹೇಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಕಲ್ಲು ತೊಳೆದು ಮುಗಿಸಿದಾಗ ಕೂಗುವ ಹಾಗೆಯೇ ಅವರು ನೆಟ್ಟಗೆ ನಿಂತು, ಗಂಟಲು ಬಿಟ್ಟು ಕೂಗಿದ್ದರು.

"ಇದ್ದಾರೆ!" ಎಂದಿತು ಇಡೀ ಸ್ಮಶಾನ. ಯಾರು, ಏನು ಎಂದು ಯಾರೂ ಯೋಚಿಸಲಿಲ್ಲ, ಅದು ನಾಲಿಗೆಗೆ ಬಂದ ರೂಢಿ. ಅಂದ ಮೇಲೆ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಯಾರದು?" ಎಂದರು ಅಧಿಕಾರಿ.

"ನಮ್ಮಪ್ಪ" ಎಂದರು ಅತ್ತಿಗೆ. "ತಾವೇ ಜೀವ ಕಳಕೊಂಡ್ರು. ಅದಕ್ಕೇ ಇಲ್ಲಿದ್ದಾರೆ, ಅದಕ್ಕೇ ಕಲ್ಲಿಲ್ಲ. ಆ ಕಲ್ಲು ತಂದಿಟ್ಟದ್ದು ನಾನು ಮತ್ತು ನನ್ನ ತಮ್ಮ. ಯಾರು ಏನು ಬೇಕಾದರೂ ಅಂದುಕೊಳ್ಳಿ."

ಗಂಡ ಬಂದು ನನ್ನ ಕೈಯಿಂದ ಸರಳನ್ನು ತೆಗೆದುಕೊಂಡು ಅಧಿಕಾರಿಯ ಮುಂದೆ ಚಾಚಿದರು. "ನೀವೇ ಇಳಿಸಿ ನೋಡಿ ಸಾರ್. ಮೊಣಕೈ ಆಳ. ಅಕ್ಕ ನಿಂತಿರೋ ಕಡೆಯಿಂದ ಗೋಡೆ ಕಡೆಗೆ."

ಅಧಿಕಾರಿ ಒಲ್ಲದ ಮನಸ್ಸಿನಿಂದಲೇ ಸರಳು ಇಳಿಸಿದರು. ಕೀರಲು ಸದ್ದು ಬಂತು. ಗೇಣು ಸರಿದು ಮತ್ತೆ ಇಳಿಸಿದರು, ಮತ್ತೆ ಅದೇ ಸದ್ದು. ನಡುವೆ ಮೇಲೆಯೇ ತಗುಲುತ್ತಿತ್ತು, ಎರಡು ಬದಿಗೆ ಹೋದಂತೆ ಆಳಕ್ಕೆ ಇಳಿಯುತ್ತಿತ್ತು. ಒಬ್ಬ ಮನುಷ್ಯನ ಉದ್ದಕ್ಕೂ ಹಾಗೇ. ಅದಕ್ಕಿಂತ ಆಚೆ ಬರೀ ಮಣ್ಣು.

"ಇದು ಇಳಿಜಾರಾಗಿದೆ" ಎಂದರು ಅಧಿಕಾರಿ ನಿಧಾನವಾಗಿ. "ಮನೆ ಚಾವಣಿ ಥರ."

"ಹಿತ್ತಲಲ್ಲಿ ಅಪ್ಪನ ಹೆಂಚು ಉಳಿದಿದ್ವು" ಎಂದರು ನನ್ನ ಗಂಡ. "ಊರವರ ಮನೆಗೆಲ್ಲ ಹೊದಿಸಿದವರು. ಅವರ ಮೇಲೆ ಮಳೆ ಬೀಳಬಾರದು ಅಂತ ನಾವಿಬ್ಬರೂ ಜೋಡಿಸಿದ್ವಿ. ಒಂದರ ಮೇಲೊಂದು ಹೇಗೆ ಕೂರಿಸಬೇಕು ಅಂತ ಅವರೇ ಕಲಿಸಿದ್ರು."

ನಾನು ಕಸವೆಂದು ಬಿಟ್ಟಿದ್ದ ಹೆಂಚು ಅದು. ಅದರ ಮೇಲೆಯೇ ನಿಂತು ಏನೂ ಇಲ್ಲ ಎಂದಿದ್ದೆ.

ಅಧಿಕಾರಿ ಸರಳನ್ನು ಎಳೆದು, ತುದಿಗೆ ಅಂಟಿದ ಕೆಂಪು ಪುಡಿಯನ್ನು ಬೆರಳಿನಿಂದ ಒರೆಸಿ ನೋಡಿದರು. "ಸಮಾಧಿ ಅಂದ್ರೆ ಸಮಾಧಿ. ಕಲ್ಲಿರಲೇಬೇಕು ಅಂತ ನಿಯಮದಲ್ಲಿಲ್ಲ" ಎಂದು, ಸುಣ್ಣದವನನ್ನು ಕರೆದರು. "ಗೆರೆ ಅಳಿಸಪ್ಪ. ಗೋಡೆಯಿಂದ ಆಚೆಗೇ ಹಾಕು." ಅವನು ಕಾಲಿನಿಂದ ಸುಣ್ಣವನ್ನು ಮಣ್ಣಿಗೆ ಬೆರೆಸುತ್ತಾ ಹಿಂದಕ್ಕೆ ಹೋದ.

ಎಲ್ಲರೂ ಅತ್ತಿಗೆಯ ಸುತ್ತ ಸೇರಿದರು. ಕನ್ನಡಿ ಮೇಷ್ಟ್ರು ಸೊಂಟ ಹಿಡಿದುಕೊಂಡೇ "ಹಕ್ಕಿ ಕಲ್ಲನ್ನು ವಾಪಸ್ ಇಡುವಾಗ ಕರೀರಿ, ಎತ್ತೋಕಾಗಲ್ಲ, ಬಯ್ಯೋಕಾಗುತ್ತೆ" ಎಂದರು. ಅತ್ತಿಗೆ ಅಳುತ್ತಾ ನಕ್ಕರು.

ಗಂಡ ಮಾತ್ರ ಗೋಡೆ ಪಕ್ಕ ಒಬ್ಬರೇ ನಿಂತಿದ್ದರು. ನಾನು ಹೋಗಿ ಪಕ್ಕದಲ್ಲಿ ನಿಂತೆ.

"ರೀ, ಇನ್ನೊಂದು ಸಲ ಕರೀರಿ" ಎಂದೆ. "ಎಲ್ಲರೂ ಅಂದಾಗ ನಾನು ಅನ್ನಲಿಲ್ಲ."

ಅವರು ನನ್ನ ಮುಖ ನೋಡಿದರು. ಆಮೇಲೆ ನೆಲದ ಕಡೆಗೆ ಬಗ್ಗಿದರು, ಬೆನ್ನು ನೋವಿಗೆ ಒಮ್ಮೆ ಮುಖ ಕಿವುಚಿದರು. ಅಕ್ಕ ಕೂಗಿದ ಹೆಸರನ್ನು ಅವರು ಕೂಗಲಿಲ್ಲ.

"ಅಪ್ಪಾ" ಎಂದರು, ಮನೆಯೊಳಗಿಂದ ಕರೆಯುವಷ್ಟೇ ಮೆಲ್ಲಗೆ.

"ಇದ್ದಾರೆ" ಎಂದೆ ನಾನು.